ದಾಮೋದರನ ಹೆಸರೂ ಗೊಲ್ಲರ ಈರಕ್ಕನೂ

ಕೇಳ್ರಪ್ಪಾ, ಇದು ಯಾವ ಕಾಲದ್ದೋ ನನಗೂ ಗೊತ್ತಿಲ್ಲ, ಹೇಳಿದ ನನ್ನಜ್ಜಿಗೂ ಗೊತ್ತಿರಲಿಲ್ಲ. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಮದುವೆಯಾಗಿ ಏಳು ವರ್ಷ ಮಕ್ಕಳಿಲ್ಲ. ಏಳು ಕೆರೆ ಕಟ್ಟಿಸಿ, ಏಳು ಗುಡಿಗೆ ಬರಿಗಾಲಲ್ಲಿ ನಡೆದು, ಕೊನೆಗೊಂದು ಗಂಡುಮಗು ಹುಟ್ಟಿತಂತೆ. ಕುಲದೇವರ ಹೆಸರೇ ಇರಲಿ ಅಂತ ದಾಮೋದರ ಅಂದರಂತೆ.

ತೊಟ್ಟಿಲ ಪಕ್ಕ ಕೂತು ರಾಜ ಕೇಳಿದನಂತೆ, “ಜೋಯಿಸರೇ, ದಾಮೋದರ ಅಂದ್ರೆ ಏನರ್ಥ?”

ಆಸ್ಥಾನದ ಗುಂಡಾಜೋಯಿಸರಿಗೆ ಅರ್ಥ ಚೆನ್ನಾಗಿ ಗೊತ್ತಿತ್ತು. ಒಂದಲ್ಲ, ಎರಡು ಗೊತ್ತಿತ್ತು. ಒಂದನ್ನು ನುಂಗಿಕೊಂಡು ಇನ್ನೊಂದನ್ನು ಹೇಳಿದರಂತೆ. “ಲೋಕಗಳನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡವನು ಅಂತ, ಮಹಾಪ್ರಭು.”

ರಾಜ ಉಬ್ಬಿಹೋದ. “ಲೋಕವೇ ಹೊಟ್ಟೆಯೊಳಗಿರೋನಿಗೆ ಅಡ್ಡ ಹೇಳೋರು ಯಾರು? ಇವತ್ತಿಂದ ನನ್ನ ಮಗನಿಗೆ ಯಾರೂ ‘ಬೇಡ’ ಅನ್ನಕೂಡದು. ಹೆತ್ತ ತಾಯಿಯೂ ಅನ್ನಕೂಡದು.”

ಆಯ್ತಲ್ಲ! ಮಗುವಿಗೆ ನಾಲ್ಕು ವರ್ಷ ತುಂಬೋ ಹೊತ್ತಿಗೆ ಅರಮನೆಯವರ ಜೀವ ಅರ್ಧಕ್ಕಿಳಿದಿತ್ತಂತೆ. ಹುಡುಗ ಅಡುಗೆಯವನ ಜುಟ್ಟಿಗೆ ಬೆಲ್ಲದ ಪಾಕ ಹುಯ್ದ. ಸೇನಾಪತಿ ಮೀಸೆ ಹಿಡಿದು ಜೋತಾಡಿದ. ದೇವರ ಕೋಣೆಗೆ ಕತ್ತೆಮರಿ ಹೊಡ್ಕೊಂಡು ಬಂದ. ಎಲ್ಲರೂ ಹಲ್ಲು ಕಚ್ಚಿಕೊಂಡು “ಆಗಲಿ ಬುದ್ಧಿ, ಆಗಲಿ ಬುದ್ಧಿ” ಅಂತಿದ್ದರಂತೆ. ಒಬ್ಬಳಾದ ಮೇಲೆ ಒಬ್ಬಳು ಆರು ಜನ ದಾದಿಯರು ಗಂಟುಮೂಟೆ ಕಟ್ಟಿಕೊಂಡು ಓಡಿಹೋದರಂತೆ.

ಏಳನೆಯವಳಾಗಿ ಬಂದವಳೇ ಗೊಲ್ಲರಹಟ್ಟಿಯ ಈರಕ್ಕ. ಅರಮನೆ ಕೊಟ್ಟಿಗೆಯಲ್ಲಿ ಹಾಲು ಕರೆಯೋ ಹೆಂಗಸು, ಐದು ಮಕ್ಕಳನ್ನ ಸಾಕಿ ದೊಡ್ಡದು ಮಾಡಿದವಳು. ರಾಣಿಯೇ ಕೈಹಿಡಿದು ಕರೆದಳಂತೆ.

ಒಂದು ವಾರಕ್ಕೆ ಈರಕ್ಕನಿಗೂ ಸಾಕುಸಾಕಾಯ್ತು. ಹಾಲು ಕರೀಬೇಕು ಅಂತ ಕೂತರೆ ಹುಡುಗ ಕರುಗಳನ್ನೆಲ್ಲ ಬಿಚ್ಚಿಬಿಡ್ತಿದ್ದ. ಬೆಣ್ಣೆ ತೆಗೆದಿಟ್ಟರೆ ಕೋತಿಗಳನ್ನ ಕರೆದು ಹಂಚ್ತಿದ್ದ. ಅವಳು ರಾಣಿ ಹತ್ರ ಹೋದಳಂತೆ.

“ತಾಯೀ, ನಿಮ್ಮ ಮಗೀಗೆ ಒಂದೇ ಒಂದು ಸಲ ಬ್ಯಾಡ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ದೊರೆ ಅಪ್ಪಣೆ, ಈರಕ್ಕ. ನಾನೇನು ಮಾಡ್ಲಿ?”

“ಅಪ್ಪಣೆಯಂತೆ ಅಪ್ಪಣೆ! ಹಿತ್ತಲ ಬಾವಿಗೆ ಕಟ್ಟೆ ಇಲ್ಲ. ಆ ಬಾವಿ ನಿಮ್ಮ ಅಪ್ಪಣೆ ಕೇಳ್ತದಾ?”

ರಾಣಿ ಸೆರಗು ಕಚ್ಚಿಕೊಂಡು ಒಳಗೆ ಹೋದಳಂತೆ.

ಮಾರನೇ ದಿನ ಹುಡುಗ ಬಾವಿಯೊಳಗಿನ ಕಪ್ಪೆ ನೋಡಬೇಕು ಅಂತ ಹಟ ಹಿಡಿದ. ಈರಕ್ಕ ಎತ್ತಿ ತಂದರೆ ಮತ್ತೆ ಹೋದ. ಮತ್ತೆ ತಂದರೆ ಮತ್ತೆ ಹೋದ. ಒಲೆ ಮೇಲೆ ಹಾಲು ಉಕ್ಕತಾ ಇದೆ, ಕೊಟ್ಟಿಗೇಲಿ ಹಸು ಒದರತಾ ಇದೆ. “ಅಯ್ಯೋ ನನ್ನ ಹಣೇಬರವೇ!” ಅಂದವಳೇ ಕರು ಕಟ್ಟೋ ದಾವಣಿ ಹಗ್ಗ ಎಳೆದು ಅವನ ಹೊಟ್ಟೆಗೆ ಸುತ್ತಿ, ಇನ್ನೊಂದು ತುದಿ ಭತ್ತ ಕುಟ್ಟೋ ಒರಳಿಗೆ ಬಿಗಿದು ಒಳಗೆ ಹೋದಳಂತೆ.

ಹಾಲಿನ ಪಾತ್ರೆ ಇಳಿಸಿದ್ದೇ ತಡ, ಹೊರಗೆ ಕಿರುಚಿದ್ದು ಕೇಳಿಸ್ತು. ದಾವಣಿ ಅವಳು ಅಂದುಕೊಂಡದ್ದಕ್ಕಿಂತ ಉದ್ದ ಇತ್ತು. ಹುಡುಗ ಬಾವಿಗೆ ಜಾರಿ, ನೀರಿಗಿಂತ ಒಂದು ಮೊಳ ಮೇಲೆ, ಹಗ್ಗದಲ್ಲಿ ತೂಗಾಡತಾ ಇದ್ದನಂತೆ. ಈರಕ್ಕ ಅಂಗೈ ಸುಲಿದು ಹೋಗೋ ಹಾಗೆ ಎಳೆದು ಮೇಲಕ್ಕೆ ತಂದಳು. ಎದೆಗವಚಿಕೊಂಡು ಗಳಗಳ ಅತ್ತಳಂತೆ. ಆಮೇಲೆ ಬೆನ್ನಿಗೊಂದು ಗುದ್ದಿ ಮತ್ತೆ ಅತ್ತಳಂತೆ.

ಸುದ್ದಿ ರಾಜನಿಗೆ ಹೋಯ್ತು, ಆದರೆ ಅರ್ಧ ಸುದ್ದಿ. ಓಡಿ ಬಂದವನು ಮಗನ ಹೊಟ್ಟೆ ಮೇಲೆ ಕೆಂಪಗೆ ಎದ್ದಿದ್ದ ಬರೆ ನೋಡಿದ. ಹಿಂದೆ ರಾಣಿ, ಜೋಯಿಸರು, ಅರಮನೆಯೆಲ್ಲ ಬಂತು.

“ರಾಜಕುಮಾರನನ್ನ ದನ ಕಟ್ಟಿದ ಹಾಗೆ ಕಟ್ಟಿದ್ದೀಯಾ? ಯಾರಲ್ಲಿ! ಇವಳ ಎರಡೂ ಕೈ ಕಡೀರಿ.”

ಈರಕ್ಕನಿಗೆ ಹೆದರಿಕೆಗಿಂತ ಮೊದಲು ರೇಗಿಹೋಯ್ತಂತೆ. “ಕಡೀರಿ ಬುದ್ಧಿ, ಕಡೀರಿ! ಬಾವೀಲಿ ಬಿದ್ದ ನಿಮ್ಮ ಮಗನ್ನ ಎಳೆದ ಕೈ ಇವು. ಕಟ್ಟದೆ ಬಿಟ್ಟಿದ್ರೆ ಈಗ ಏನನ್ನ ತಬ್ಬಿಕೊಂಡು ಅಳ್ತಿದ್ರಿ? ಹೆಸರು ನೋಡಿದರೆ ದಾಮೋದರ! ನಮ್ಮಟ್ಟೀಲಿ ಹಾಲು ಮಾರೋ ಮುದುಕೀಗೂ ಆ ಹೆಸರಿನ ಅರ್ಥ ಗೊತ್ತು. ಜೋಯಿಸರೇ, ಬಾಯಿ ಬಿಡಿ! ದಾಮ ಅಂದ್ರೇನು? ನಮ್ಮ ದಾವಣಿ ಅಲ್ವಾ?”

ಎಲ್ಲರೂ ಜೋಯಿಸರನ್ನ ನೋಡಿದರು. ಜೋಯಿಸರು ನೆಲ ನೋಡಿದರು.

“ಹೌದು ಪ್ರಭು. ದಾಮ ಅಂದ್ರೆ ಹಗ್ಗ, ಉದರ ಅಂದ್ರೆ ಹೊಟ್ಟೆ. ಬೆಣ್ಣೆ ಕದ್ದ ಕೃಷ್ಣನ್ನ ಅವನ ತಾಯಿ ಹಗ್ಗ ತಂದು ಒರಳಿಗೆ ಕಟ್ಟಿದಳು. ಎಷ್ಟು ಹಗ್ಗ ಸೇರಿಸಿದರೂ ಎರಡು ಬೆರಳು ಸಾಲದಾಯ್ತು. ಆಕೆ ಬೆವರು ಸುರಿಸೋದು ನೋಡಿ ಅವನಿಗೇ ಅಯ್ಯೋ ಅನ್ನಿಸಿ ಕಟ್ಟಿಸಿಕೊಂಡ. ಲೋಕ ಹೊಟ್ಟೇಲಿರೋನು ಅನ್ನೋದೂ ನಿಜ. ಅಂಥವನು ತಾಯಿ ಕೈಗೆ ಸಿಕ್ಕ ಅನ್ನೋದೇ ಆ ಹೆಸರಿನ ಸವಿ. ರಾಜರ ಮುಂದೆ ಹಗ್ಗದ ಮಾತು ಹ್ಯಾಗೆ ಆಡಲಿ ಅಂತ ಹೆದರಿದೆ.”

ರಾಜ ಬಾವಿ ನೋಡಿದ. ಈರಕ್ಕನ ಸುಲಿದ ಅಂಗೈ ನೋಡಿದ. ಮಗನನ್ನ ಎತ್ತಿಕೊಳ್ಳೋಕೆ ಕೈ ಚಾಚಿದರೆ, ಹುಡುಗ ಈರಕ್ಕನ ಸೀರೆ ಬಿಡಲಿಲ್ಲವಂತೆ. ರಾಜ ಚಾಚಿದ ಕೈ ಇಳಿಸಿದ.

“ತಪ್ಪು ನಂದು,” ಅಂದನಂತೆ.

“ಕೈ ಕಡೀತೀರೋ ಇಲ್ವೋ, ಬೇಗ ಹೇಳಿ ಬುದ್ಧಿ. ಹಸು ಒದರತಾ ಇದೆ,” ಅಂದಳಂತೆ ಈರಕ್ಕ.

ರಾಜ ಆ ಹಳೇ ಅಪ್ಪಣೆಯನ್ನ ಅಲ್ಲೇ ರದ್ದು ಮಾಡಿ, ಬಾವಿಗೆ ಸೊಂಟದೆತ್ತರ ಕಟ್ಟೆ ಕಟ್ಟಿಸಿದನಂತೆ. ಈರಕ್ಕನ ಕೈಗೆ ರಾಣಿಯೇ ಅರಿಶಿನ, ಬೆಣ್ಣೆ ಹಚ್ಚಿದಳು. ಅಷ್ಟರಲ್ಲಿ ಹುಡುಗ ಬೆಣ್ಣೆ ಬಟ್ಟಲಿಗೆ ಕೈ ಹಾಕಿದ.

ರಾಣಿ ಸುತ್ತ ನೋಡಿದಳು, ಉಸಿರು ಎಳಕೊಂಡಳು, “ಬೇಡ,” ಅಂದಳಂತೆ.

ಹುಡುಗ ಬೆಪ್ಪಾಗಿ ಅಮ್ಮನ ಮುಖ ನೋಡಿದನಂತೆ. ಆಮೇಲೆ ಊರಿಗೆ ಕೇಳೋ ಹಾಗೆ ಬಾಯಿ ತೆಗೆದನಂತೆ. ಅತ್ತು ಅತ್ತು ಸಾಕಾಗಿ ಕೊನೆಗೆ ಅಮ್ಮನ ತೊಡೆ ಮೇಲೇ ನಿದ್ದೆ ಹೋದನಂತೆ. ಅವರು ಅಲ್ಲಿ ಗದ್ದಲವಿಲ್ಲದೆ ತಣ್ಣಗಿದ್ದರಂತೆ, ನಾವಿಲ್ಲಿ ಕೇಳಿ ದಣಿದೆವು, ಏಳಿ, ಉಣ್ಣೋಣ.