ಕೆಳಗಿಳಿಯುತ್ತ ಬಂದ ಕಲ್ಲು

"ಗುರುಗಳೇ, ಹಿರಿಯರ ಮಾತನ್ನು ಒಂದು ದಿನವೂ ಮೀರದೆ ಬದುಕಿದವರಿಗೂ ಕೇಡು ಬರುತ್ತದಲ್ಲ, ಯಾಕೆ?" ಎಂದು ಶಿಷ್ಯನೊಬ್ಬ ಕೇಳಿದ.

"ಮಾತು ಮೀರದವರ ಊರೊಂದನ್ನು ನಾನು ಬಲ್ಲೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕೇಳು," ಎಂದು ಗುರುಗಳು ಹೇಳತೊಡಗಿದರು.

ಬೆಟ್ಟದ ಇಳಿಜಾರಿನಲ್ಲಿ ಒಂದು ಊರು. ಊರಿನ ಕೆಳಗೆ ಹಳ್ಳ. ಹಿಂದೊಂದು ಮಳೆಗಾಲದಲ್ಲಿ ಮೇಲಿನ ಗುಡ್ಡ ಕುಸಿದು, ಮಣ್ಣು ಬಂಡೆ ಎಲ್ಲವೂ ಹಳ್ಳದ ಗುಂಟ ನುಗ್ಗಿ ಅರ್ಧ ಊರನ್ನು ಹೊತ್ತುಕೊಂಡು ಹೋದವು. ಬದುಕಿ ಉಳಿದ ಹಿರಿಯರು ಕೆಸರು ಏರಿದ್ದ ಎತ್ತರಕ್ಕೆ ಒಂದು ಕಲ್ಲು ನೆಟ್ಟರು. "ಈ ಕಲ್ಲಿನಿಂದ ಕೆಳಗೆ ಯಾರೂ ಒಲೆ ಹೂಡಬೇಡಿ" ಎಂದು ಹೇಳಿ ಸತ್ತರು.

ಮೊಮ್ಮಕ್ಕಳು ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ತಾಯಿ ಎಂದು ಕರೆದರು. ಹೊಸದಾಗಿ ಮದುವೆಯಾದವರು ಮೊದಲು ಅಲ್ಲಿಗೆ ಹೋಗಿ ಅಡ್ಡಬೀಳುತ್ತಿದ್ದರು. ಭಕ್ತಿಗೇನೂ ಕೊರತೆಯಿರಲಿಲ್ಲ. ಆದರೆ ಮನೆ ಕಟ್ಟಲು ಸಮತಟ್ಟಾದ ಜಾಗ ಇದ್ದದ್ದು ಕಲ್ಲಿನ ಕೆಳಗೆ. ಆ ಮಹಾನುಭಾವರು ಏನು ಮಾಡಿದರು ಗೊತ್ತೇ? ಕಲ್ಲನ್ನೇ ಕಿತ್ತು, ಕಾಯಿ ಒಡೆದು, ವಾಲಗ ಊದಿಸಿ, ಹತ್ತು ಮಾರು ಕೆಳಗೆ ನೆಟ್ಟರು. ಈಗ ಯಾರ ಒಲೆಯೂ ಕಲ್ಲಿನಿಂದ ಕೆಳಗಿಲ್ಲ! ಕೆಲವು ವರ್ಷ ಕಳೆದ ಮೇಲೆ ಮತ್ತೆ ಹತ್ತು ಮಾರು. ನುಗ್ಗಿ ಬರುವ ಕೆಸರು ಕಲ್ಲನ್ನು ಕೇಳಿ ನಿಲ್ಲುತ್ತದೆಯೇ ಎಂದು ಒಬ್ಬನೂ ಯೋಚಿಸಲಿಲ್ಲ.

ಕಲ್ಲು ಕೀಳುವ ಕೆಲಸ ಊರಿನ ಕಲ್ಲುಕುಟಿಗನದು. ಎರಡು ಸಲ ಅವನು ಬಾಯಿ ಮುಚ್ಚಿಕೊಂಡು ಹಾರೆ ಹಾಕಿದ. ಮೂರನೆಯ ಸಲ ಕೆಳಗೆ ಮನೆ ಕಟ್ಟಲು ಹೊರಟವಳು ಅವನ ಮಗಳು. ಅವನಿಗಿದ್ದದ್ದು ಅವಳೊಬ್ಬಳೇ. ಊರವರ ಮಕ್ಕಳಿಗಾಗಿ ತೆರೆಯದ ಬಾಯಿ ಆಗ ತೆರೆಯಿತು.

"ಬೇಡ ಕಣವ್ವ, ಅದು ಗುಡ್ಡ ಇಳಿದು ಬರೋ ದಾರಿ," ಎಂದ.

"ಕಲ್ಲಿಗಿಂತ ಮೇಲೇ ಇರ್ತೀವಲ್ಲಪ್ಪ. ಇಷ್ಟು ದಿನ ಅದನ್ನ ಇಳಿಸಿದೋನು ನೀನೇ. ನನ್ನ ಮನೆಗೆ ಮಾತ್ರ ಯಾಕೆ ಅಡ್ಡ ಬರ್ತೀಯ?"

ಈ ಸಲ ಅವನು ಹಾರೆ ಮುಟ್ಟಲಿಲ್ಲ. ಬೇರೆಯವರು ಮುಟ್ಟಿದರು. ಕಲ್ಲು ಹಳ್ಳದ ಅಂಚಿಗೆ ಬಂತು.

ಮುಂದಿನ ಮಳೆಗಾಲದಲ್ಲಿ ಗುಡ್ಡ ಮತ್ತೆ ಕುಸಿಯಿತು. ಕೆಸರು ಹಿರಿಯರ ಕಾಲದಲ್ಲಿ ಏರಿದಷ್ಟೇ ಏರಿತು, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಮೂವತ್ತು ಮನೆಗಳು ಹೋದವು. ಕಲ್ಲುಕುಟಿಗ ಹಾರೆ ಹಿಡಿದು ಮೂರು ದಿನ ಕೆಸರು ತೋಡಿದ. ಮಗಳು ಸಿಗಲಿಲ್ಲ.

ಕಲ್ಲು ಸಿಕ್ಕಿತು, ಹರದಾರಿ ದೂರದಲ್ಲಿ, ಹಳ್ಳದ ನಟ್ಟನಡುವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಜನರನ್ನು ಆಡಿಕೊಳ್ಳುತ್ತೇವೆ. ಇವರು ಆಗಲೂ ಹಾಕಲಿಲ್ಲವಯ್ಯಾ! "ತಾಯಿ ತಾನೇ ನಡೆದುಹೋಗಿ ಜಾಗ ತೋರಿಸಿದ್ದಾಳೆ" ಎಂದು ಉಳಿದವರೆಲ್ಲ ಅಲ್ಲಿಗೆ ಹೋಗಿ ಅಡ್ಡಬಿದ್ದರು. ಅಲ್ಲಿಂದ ಮೇಲಕ್ಕೆ ಹಗ್ಗ ಹಿಡಿದು ಮನೆಗಳಿಗೆ ಜಾಗ ಅಳೆದರು. ಕಲ್ಲುಕುಟಿಗ ಸುತ್ತಿಗೆ ತಂದು ಆ ಕಲ್ಲನ್ನು ಚೂರುಚೂರು ಮಾಡಿದ. ಹಿರಿಯರ ಮಾತಿಗೆ ಅಪಚಾರ ಮಾಡಿದನೆಂದು ಅವನನ್ನು ಊರಿನಿಂದ ಹೊರಗೆ ಹಾಕಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೂ ಸಿಟ್ಟು ಬಂದಿತ್ತು. "ಅಂಥ ಮೂಢರಿಗೆ ಬುದ್ಧಿ ಹೇಳುವವರು ಒಬ್ಬರೂ ಇರಲಿಲ್ಲವೇ?" ಎಂದ.

"ಇದ್ದೆನಲ್ಲ," ಎಂದರು ಗುರುಗಳು, "ಮೂರು ಸಲವೂ ಕಲ್ಲು ಇಳಿಸಲು ಮುಹೂರ್ತ ಇಟ್ಟುಕೊಟ್ಟವನು ನಾನೇ."