ಕಣಿವೆಯಾಚೆಯ ಹಲಗೆಗೆ ಯಾವ ಕೋವಿ

"ಗುರುಗಳೇ, ದೂರದ ಗುರಿಗೆಂದೇ ಒಂದು ರೈಫಲ್ ಕಟ್ಟಿಸಬೇಕೆಂದಿದ್ದೇನೆ. ಯಾವ ಕ್ಯಾಲಿಬರಿನದು, ಎಷ್ಟು ದಪ್ಪದ ಗುಂಡಿನದು ಕಟ್ಟಿಸಲಿ?" ಎಂದು ನಾಚಪ್ಪ ಕೇಳಿದ. "ಆರೂವರೆ ಮಿಲಿಮೀಟರಿನ ಗುಂಡು ಧಾರಾಳ ಸಾಕು ಎಂದು ಒಬ್ಬರು ಹೇಳುತ್ತಾರೆ. ಅದು ಗಾಳಿಗೆ ತೇಲಿಹೋಗುತ್ತದೆ, ದಪ್ಪ ಗುಂಡೇ ಬೇಕು ಎಂದು ಇನ್ನೊಬ್ಬರು. ಓದಿ ಓದಿ ತಲೆ ಕೆಟ್ಟುಹೋಗಿದೆ."

ಕೊಡಗಿನಲ್ಲಿ ಕೋವಿ ವಿದ್ಯೆ ಕಲಿಸುವ ಮೇದಪ್ಪ ಗುರುಗಳು ರೈಫಲಿನಿಂದ ಬಿಚ್ಚಿಟ್ಟ ಬೋಲ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಒಂದು ಕತೆ ಇದೆ. ನಡೆದದ್ದೇ. ನಡೆದಾಗ ನಾನು ಅಲ್ಲಿರಲಿಲ್ಲ, ಆದ್ದರಿಂದ ಅಲ್ಲಿದ್ದವರಿಗಿಂತ ಚೆನ್ನಾಗಿ ನನಗೆ ಗೊತ್ತು. ಹೋದ ಸಲ ಹೇಳಿದಾಗ ಕಣಿವೆಯನ್ನು ತುಸು ಹೆಚ್ಚೇ ಅಗಲ ಮಾಡಿದ್ದೆ. ನಿನ್ನ ಮುಖ ನೋಡಿ ಈ ಸಲ ಕಿರಿದು ಮಾಡುತ್ತೇನೆ."

ಹೀಗೆಂದು ಗುರುಗಳು ಕತೆ ಶುರು ಮಾಡಿದರು.

ಎರಡು ಊರು. ನಡುವೆ ಒಂದು ಕಣಿವೆ. ಕೋವಿಗಳಿಗೆ ಪೂಜೆ ಮಾಡುವ ಹಬ್ಬ ಮುಗಿದ ಮೇಲೆ ಎರಡೂ ಊರಿನವರು ಒಂದು ದಿಬ್ಬದ ಮೇಲೆ ಮಲಗಿ, ಎದುರು ದಿಬ್ಬದ ಮಣ್ಣಿಗೆ ಒರಗಿಸಿದ ಕಬ್ಬಿಣದ ಹಲಗೆಗೆ ಗುಂಡು ಹೊಡೆಯುತ್ತಾರೆ. ಪ್ರತಿಯೊಬ್ಬನಿಗೂ ಗಾಳಿ ಅರಿಯಲು ಒಂದು ಗುಂಡು, ಲೆಕ್ಕಕ್ಕೆ ಒಂದು ಗುಂಡು. ಹೊಡೆಯುವವನು ಗುಂಡು, ಮದ್ದು ಸೇರಿದ ತೋಟೆಯನ್ನು ತಾನೇ ಕೋವಿಗೆ ತುಂಬಿಕೊಳ್ಳುವಂತಿಲ್ಲ. ಅವನ ಊರಿನವನೇ ಒಬ್ಬ ಪಕ್ಕದಲ್ಲಿ ಮಲಗಿ ತುಂಬಿಕೊಡಬೇಕು. ಅದು ಅಲ್ಲಿನ ಪದ್ಧತಿ.

ಒಂದು ಊರಿನ ಕಡೆಯಿಂದ ಕೊನೆಯ ಗುಂಡು ಹೊಡೆಯುವ ಜಾಗ ಒಬ್ಬ ವರ್ತಕನದು. ಅವನ ಅಜ್ಜನೂ ತಂದೆಯೂ ಅದೇ ಜಾಗದಲ್ಲಿ ಮಲಗಿ ಹೊಡೆದವರು. ಹಿಂದಿನ ವರ್ಷ ವರ್ತಕನ ಗುಂಡು ತಪ್ಪಿತು. ಊರು ಸೋತಿತು. ಈ ಸಲ ಹಬ್ಬಕ್ಕೆ ಮೊದಲು ಪರೀಕ್ಷೆ ಮಾಡೋಣ, ಆಗಲೂ ತಪ್ಪಿದರೆ ಜಾಗವನ್ನು ಒಬ್ಬ ರೈತನಿಗೆ ಕೊಡೋಣ ಎಂದು ಊರಿನವರು ತೀರ್ಮಾನಿಸಿದರು. ವರ್ತಕನಿಗೆ ತೋಟೆ ತುಂಬಿಕೊಡುತ್ತಿದ್ದವನು ಆ ರೈತನೇ.

ಗುಂಡು ಏಕೆ ತಪ್ಪಿತೆಂದು ವರ್ತಕನಿಗೆ ಗೊತ್ತಿತ್ತು. ಗಾಳಿ ಹೊತ್ತುಕೊಂಡು ಹೋಗಿತ್ತು. ಅವನು ಕೋವಿ ಕಟ್ಟುವವನ ಬಳಿಗೆ ಹೋಗಿ, ಎಲ್ಲಕ್ಕಿಂತ ದಪ್ಪ ಗುಂಡಿನ ರೈಫಲ್ ಕಟ್ಟಿಕೊಡು ಎಂದ.

"ಹಾರಿಸಿದಾಗ ಆನೆ ಒದ್ದ ಹಾಗೆ ಭುಜಕ್ಕೆ ಒದೆಯುತ್ತದೆ, ಸಾಹುಕಾರರೇ."

"ಒದೆಯಲಿ. ಗಾಳಿಗೆ ಬಗ್ಗಬಾರದು."

ರೈಫಲ್ ತಯಾರಾಯಿತು. ತೋಳಿನಷ್ಟು ದಪ್ಪದ ನಳಿಗೆ, ಮೇಲೊಂದು ದೊಡ್ಡ ದುರ್ಬೀನು. ನೋಡಲು ಜನ ಬಂದರು. ಸುಳ್ಳು ಹೇಳಬಾರದು, ಅದು ಚೆಲುವಾದ ರೈಫಲ್. ನಾನೇ ಮುಟ್ಟಿ ನೋಡಿದ್ದೇನೆ, ಅಥವಾ ಮುಟ್ಟಿದವನನ್ನು ನೋಡಿದ್ದೇನೆ.

ಆದರೆ ಗುಂಡುಗಳು ಹಲಗೆಯ ಸುತ್ತ ಎಲ್ಲೆಲ್ಲೋ ಬಿದ್ದವು. ವರ್ತಕ ನಳಿಗೆ ಬದಲಾಯಿಸಿದ. ಆಮೇಲೆ ದುರ್ಬೀನು ಬದಲಾಯಿಸಿದ. ಕೊನೆಗೆ ಭುಜಕ್ಕೆ ಒರಗುವ ಮರವನ್ನೂ ಬದಲಾಯಿಸಿದ. ಬದಲಾಗದೆ ಉಳಿದದ್ದು ವರ್ತಕ ಒಬ್ಬನೇ.

ರೈತ ದಿನವೂ ಪಕ್ಕದಲ್ಲಿ ಮಲಗಿ ತೋಟೆ ತುಂಬಿಕೊಡುತ್ತಿದ್ದ. ಅವನು ಸುಮ್ಮನಿದ್ದಿದ್ದರೆ ಸಾಕಿತ್ತು, ಜಾಗ ತಾನಾಗಿ ಅವನ ಕೈಗೆ ಬರುತ್ತಿತ್ತು. ಆದರೆ ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಒಂದು ಸಂಜೆ, ಹಾರಿಸಿ ಖಾಲಿಯಾಗಿದ್ದ ತೋಟೆಯ ಬಾಯಿಗೆ ಮತ್ತೆ ಒಂದು ಗುಂಡು ಕೂರಿಸಿ, ಅದನ್ನೇ ರೈಫಲಿಗೆ ತುಂಬಿ ಕೊಟ್ಟ. ಒಳಗೆ ಮದ್ದಿಲ್ಲ. ವರ್ತಕನಿಗೆ ಗೊತ್ತಿಲ್ಲ.

ವರ್ತಕ ಉಸಿರು ಹಿಡಿದು ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೇ. ಢಂ ಎನ್ನಲಿಲ್ಲ. ಒದೆಯಲೂ ಇಲ್ಲ. ಆದರೂ ಬಾರದ ಒದೆತಕ್ಕೆ ವರ್ತಕ ಬೆಚ್ಚಿ, ರೈಫಲಿನ ಮೂತಿ ತಟ್ಟನೆ ನೆಲಕ್ಕೆ ಬಗ್ಗಿತು.

"ನೋಡಿ ಮಾರಾಯ್ರೇ," ಎಂದ ರೈತ, ಸುತ್ತ ನಿಂತವರಿಗೆ. "ಹಬ್ಬದ ದಿನ ನಾವು ಕೋವಿಗೆ ನಮಸ್ಕಾರ ಮಾಡುತ್ತೇವೆ. ಸಾಹುಕಾರರ ಕೋವಿ ನಮಗೇ ನಮಸ್ಕಾರ ಮಾಡಿತು."

ಎಲ್ಲರೂ ನಕ್ಕರು. ವರ್ತಕನ ಕಿವಿ ಕೆಂಪಾಯಿತು. ಇನ್ನೇನು ರೈತನ ಕುತ್ತಿಗೆಗೆ ಕೈ ಹಾಕುತ್ತಾನೆ ಎಂದು ಜನ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಮಲಗಿದಲ್ಲಿಂದ ಏಳಲಿಲ್ಲ.

"ನನ್ನ ಕಣ್ಣು ಹೇಗಿತ್ತು?" ಎಂದು ರೈತನನ್ನು ಕೇಳಿದ.

"ಮುಚ್ಚಿತ್ತು. ಎರಡೂ."

"ಹೋದ ವರ್ಷ ತುಂಬಿಕೊಟ್ಟವನೂ ನೀನೇ. ಆಗ?"

ರೈತನ ನಗು ನಿಂತಿತು. "ಆಗಲೂ ಮುಚ್ಚಿತ್ತು, ಸಾಹುಕಾರರೇ."

ವರ್ತಕ ರೈಫಲಿನ ಮರವನ್ನು ಮತ್ತೆ ಭುಜಕ್ಕೆ ಒರಗಿಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ನೊಂದು ಸಲ ತುಂಬು. ಖಾಲಿ ಯಾವುದು, ಮದ್ದಿದ್ದದ್ದು ಯಾವುದು ಎಂದು ಹೇಳಬೇಡ" ಎಂದ. ನೋಡಲು ಬಂದವರು ನಕ್ಕು ನಕ್ಕು ಸುಸ್ತಾಗಿ ಮನೆಗೆ ಹೋದರು. ಅವರಿಬ್ಬರೂ ಹೋಗಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಊರೆಲ್ಲ ಆಡಿಕೊಂಡು ನಗುತ್ತಿದ್ದ ಆಟವನ್ನು ವರ್ತಕ ತಾನೇ ಕೇಳಿ ಆಡಿಸಿಕೊಂಡ.

ಕಡೆಗೆ ಅವನು ಮತ್ತೆ ಕೋವಿ ಕಟ್ಟುವವನ ಬಳಿಗೆ ಹೋದ. "ರೈಫಲಿನ ಭಾರ ಇಷ್ಟೇ ಇರಲಿ, ಒದೆತವನ್ನು ಅದು ನುಂಗಲಿ. ನಳಿಗೆಯ ಬಾಯಿ ಸಣ್ಣದಾಗಲಿ. ಹೋದ ವರ್ಷದ ಗುಂಡಿಗಿಂತಲೂ ಸಣ್ಣ ಗುಂಡು ಹಾರಲಿ."

"ಹಾಗಾದರೆ ಗಾಳಿ?"

"ಗಾಳಿಯನ್ನು ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ಬೈದಿದ್ದೆ, ನೋಡಿರಲಿಲ್ಲ."

ಪರೀಕ್ಷೆಯ ದಿನ ಊರಿಗೆ ಊರೇ ದಿಬ್ಬದ ಮೇಲಿತ್ತು. ಅಂಥ ಸಣ್ಣ ಗುಂಡನ್ನು ಕಂಡು ಹಿರಿಯರು, ಇವನು ಜಾಗ ಬಿಟ್ಟುಕೊಡಲೆಂದೇ ಬಂದಿದ್ದಾನೆ ಎಂದು ಮಾತಾಡಿಕೊಂಡರು. ರೈತ ಮದ್ದಿದ್ದ ತೋಟೆಯನ್ನೇ ತುಂಬಿಕೊಟ್ಟ. ವರ್ತಕ ಮೊದಲ ಗುಂಡು ಹೊಡೆದ. ರೈಫಲ್ ಅಲುಗಿತು, ಆದರೆ ಅವನ ಕಣ್ಣು ಮುಚ್ಚಲಿಲ್ಲ, ದುರ್ಬೀನಿನಿಂದ ಹಲಗೆ ಮರೆಯಾಗಲಿಲ್ಲ. ಎದುರು ದಿಬ್ಬದಲ್ಲಿ ಪುಟ್ಟದಾಗಿ ಧೂಳು ಎದ್ದಿತು.

ರೈತ ಬಾಯಿ ತೆರೆಯುವ ಮೊದಲೇ ವರ್ತಕ ಹೇಳಿದ: "ಎಡಕ್ಕೆ ಎರಡು ಮೊಳ. ಇಲ್ಲಿ ಹುಲ್ಲು ಅಲುಗುತ್ತಿಲ್ಲ. ಗಾಳಿ ಇರುವುದು ಕಣಿವೆಯ ನಡುವೆ."

ತನ್ನ ಗುಂಡು ಎಲ್ಲಿ ಬಿತ್ತೆಂದು ಅವನು ತಾನೇ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಎರಡನೆಯ ಗುಂಡು ಹಾರಿತು. ಕಣಿವೆ ಅಗಲವಾದದ್ದು, ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಜನ ಕಾದರು. ಆಮೇಲೆ ಆಚೆಯಿಂದ ಹಲಗೆ ಠಣ್ ಎಂದದ್ದು ಕೇಳಿಸಿತು.

ರೈತ ಎದ್ದು ಎದೆಯ ಮೇಲಿನ ಮಣ್ಣು ಕೊಡವಿಕೊಂಡ. "ಇನ್ನು ಈ ಜನ್ಮದಲ್ಲಿ ನನಗೆ ತೋಟೆ ತುಂಬುವ ಕೆಲಸವೇ ಗತಿ" ಎಂದ. ಹಾಗೆಂದು ವರ್ತಕನ ಕೈ ಹಿಡಿದು ಎಬ್ಬಿಸಿದ.

ಆ ಇಬ್ಬರಲ್ಲಿ ಯಾರು ದೊಡ್ಡವನು ಎಂದು ಆ ಊರಿನಲ್ಲಿ ಇವತ್ತಿಗೂ ಜಗಳವಾಗುತ್ತದೆ. ನಾನು ಯಾರ ಮನೆಯಲ್ಲಿ ಊಟಕ್ಕೆ ಕೂತಿರುತ್ತೇನೋ ಅವರ ಪಕ್ಷ. ಹಸಿವಿಲ್ಲದಾಗ ಮಾತ್ರ ಇಬ್ಬರಿಗೂ ಕೈಮುಗಿಯುತ್ತೇನೆ.

ಕತೆ ಮುಗಿಯಿತು. ನಾಚಪ್ಪನ ಮುಖ ಅರಳಿತು. "ಅರ್ಥವಾಯಿತು, ಗುರುಗಳೇ. ಭಾರದ ರೈಫಲ್, ಸಣ್ಣ ಕ್ಯಾಲಿಬರ್. ಇನ್ನು ಆರು ಮಿಲಿಮೀಟರೋ ಆರೂವರೆಯೋ, ಅದೊಂದನ್ನು ಹೇಳಿಬಿಡಿ. ನಾಳೆಯೇ ಕಟ್ಟಿಸಲು ಕೊಡುತ್ತೇನೆ."

ಗುರುಗಳು ಬೋಲ್ಟನ್ನು ರೈಫಲಿಗೆ ಸೇರಿಸಿ ಕೇಳಿದರು:

"ನಿನ್ನ ಗುಂಡು ಬಿದ್ದ ಜಾಗವನ್ನು, ಪಕ್ಕದವನು ಹೇಳುವ ಮೊದಲು, ನೀನೇ ಕಂಡದ್ದು ಯಾವತ್ತು, ನಾಚಪ್ಪ?"