ನೆರೆಯವನು ಗಂಟು ಕಟ್ಟಿದಾಗ

"ಬುದ್ಧಿ, ಮನೆ ಬಿಟ್ಟು ಹೊಳೆಯಾಚೆಗೆ ಹೋಗಲೋ, ಇಲ್ಲೇ ಇರಲೋ?" ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ. ಅರಿವೆ ಅಂಗಡಿಯ ಮುರಿಗೆಪ್ಪ ಮಠದ ಹಳೆಯ ಶಿಷ್ಯ. ಆ ವರ್ಷ ವ್ಯಾಪಾರ ಬಿದ್ದುಹೋಗಿತ್ತು. ದೊರೆ ಹಾಸಿಗೆ ಹಿಡಿದಿದ್ದ. ಪಟ್ಟ ಯಾರಿಗೆಂದು ತಿಳಿಯದೆ ಊರೆಲ್ಲ ಪಿಸುಗುಡುತ್ತಿತ್ತು.

"ಇಷ್ಟು ದಿನ ಇಲ್ಲದ ಪ್ರಶ್ನೆ ಈಗೇಕೆ ಬಂತು?" ಎಂದರು ಗುರುಗಳು.

"ಪಕ್ಕದ ಮನೆಯ ನಮ್ಮ ದಾಯಾದಿ ಬಸವಂತ ಹೊರಟಿದ್ದಾನೆ, ಬುದ್ಧಿ. ನಿನ್ನೆ ಗಾಡಿಯ ಕೀಲಿಗೆ ಎಣ್ಣೆ ಹಾಕುತ್ತಿದ್ದುದನ್ನು ನಾನೇ ಕಂಡೆ. ಅವನು ಸುಮ್ಮನೆ ಹೆಜ್ಜೆ ಇಡುವವನಲ್ಲ. ಅಲ್ಲಿ ಅವನು ಮೇಲೆ ಬಂದು, ನಾನು ಇಲ್ಲೇ ಕೊಳೆತರೆ ಏನು ಮಾಡಲಿ?" ಹೇಳುವಾಗ ಅವನ ಮುಖ ಹುಳ್ಳಗಾಯಿತು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಗಡಿಯ ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬಟ್ಟೆಗೆ ನೀಲಿ ಹಾಕುವುದು ಅವನ ಕಸುಬು. ಅವನ ತಂದೆ ಹುದುಗು ಹಾಕಿದ್ದ ನೀಲಿ ಹಿತ್ತಲಿನ ದೊಡ್ಡ ಮಣ್ಣಿನ ಬಾನಿಯಲ್ಲಿತ್ತು. ಬಾನಿಯನ್ನು ಕತ್ತಿನವರೆಗೆ ನೆಲದಲ್ಲಿ ಹೂತಿದ್ದರು. ಅಂಥ ನೀಲಿಗೆ ಜೀವವಿರುತ್ತದೆ. ಅದಕ್ಕೆ ನೆಲದ ಬಿಸುಪು ಬೇಕು, ಆಗಾಗ ಸುಣ್ಣ ಬೆಲ್ಲ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಅಲುಗಿಸಬಾರದು. ಆ ಬಾನಿಯ ನೀಲಿ ಎಷ್ಟು ಒಗೆದರೂ ಬಿಡುವುದಿಲ್ಲವೆಂದು ದೂರದೂರದಿಂದ ಸೀರೆಗಳು ಬರುತ್ತಿದ್ದವು.

ಪಕ್ಕದ ಮನೆಯಲ್ಲಿ ಒಬ್ಬ ಬಳೆಗಾರ. ಅವನನ್ನು ಕಂಡರೆ ಬಣ್ಣಗಾರನಿಗೆ ಹೊಟ್ಟೆಕಿಚ್ಚು. ಬಳೆಗಾರನ ಗೋಡೆಗೆ ಸುಣ್ಣ ಬಿದ್ದರೆ ಇವನ ಕಣ್ಣು ಕೆಂಪಾಗುತ್ತಿತ್ತು. ಅವನ ಎಮ್ಮೆ ಈದರೆ ಇವನಿಗೆ ತನ್ನ ಮನೆಯ ಮಜ್ಜಿಗೆ ಸೇರುತ್ತಿರಲಿಲ್ಲ. ಕಾರಣ ಕೇಳಿದರೆ ಇವನಿಗೂ ಗೊತ್ತಿಲ್ಲ. ಇಂಥದಕ್ಕೆ ಕಾರಣ ಬೇಕಾಗುವುದೂ ಇಲ್ಲ.

ಒಂದು ವರ್ಷ ಆ ಸೀಮೆಯಲ್ಲಿ ಎಲ್ಲವೂ ಏರುಪೇರಾಯಿತು. ಅರಸನ ಮಕ್ಕಳಿಬ್ಬರು ಪಟ್ಟಕ್ಕಾಗಿ ಕಚ್ಚಾಡಿದರು. ನಿನ್ನೆ ನಡೆದ ನಾಣ್ಯ ಇವತ್ತು ನಡೆಯಲಿಲ್ಲ. ದಂಡು ಬರುತ್ತದೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು. ಊರವರು ತಮ್ಮ ತಮ್ಮ ಮನೆಯ ಕಷ್ಟಸುಖ ಲೆಕ್ಕ ಹಾಕಿಕೊಂಡು ಕೆಲವರು ಹೋದರು, ಕೆಲವರು ಉಳಿದರು. ಬಣ್ಣಗಾರ ದಂಡಿನ ಸುದ್ದಿ ವಿಚಾರಿಸಲಿಲ್ಲ, ಸಂತೆಯ ಧಾರಣೆ ಕೇಳಲಿಲ್ಲ. ಬಳೆಗಾರನ ಬಾಗಿಲು ನೋಡುತ್ತಾ ಕುಳಿತ. ಅವನು ಅಕ್ಕಿ ಮೂಟೆ ಇಳಿಸಿದರೆ, ಉಳಿಯುತ್ತಾನೆ ಎಂದು ಇವನೂ ಅಕ್ಕಿ ತಂದ. ಅವನು ಎಮ್ಮೆ ಮಾರಿದರೆ, ಹೋಗುತ್ತಾನೆ ಎಂದು ಇವನು ಗಾಡಿಯ ಬಾಡಿಗೆ ಕೇಳಿ ಬಂದ.

ಇಲ್ಲಿ ಮುರಿಗೆಪ್ಪನಿಗೆ ನಗು ಬಂತು. "ಎಂಥ ದಡ್ಡ" ಎಂದ. ಗುರುಗಳು ನಗಲಿಲ್ಲ. ಕತೆ ಮುಂದುವರಿಸಿದರು.

ಒಂದು ಬೆಳಿಗ್ಗೆ ಬಳೆಗಾರ ಗಂಟುಮೂಟೆ ಕಟ್ಟಿ, ಹೆಂಡತಿ ಮಕ್ಕಳೊಡನೆ ಹೊಳೆ ದಾಟಿ ಹೋದ. ಅವನು ತೊಲಗಲಿ ಎಂದು ಬಣ್ಣಗಾರ ಹರಕೆ ಹೊತ್ತದ್ದೂ ಉಂಟು. ಈಗ ತೊಲಗಿದ. ಆದರೂ ಇವನು ಆ ಖಾಲಿ ಮನೆಯ ಬಾಗಿಲನ್ನೇ ನೋಡುತ್ತಾ ಕುಳಿತ.

"ಮನೆಮನೆಗೂ ಹೋಗಿ ಬಳೆ ತೊಡಿಸುವವನು. ದಳವಾಯಿಯ ಮನೆಯ ಹೆಂಗಸರು ಅವನ ಕಿವಿಗೆ ಏನೋ ಸುದ್ದಿ ಹಾಕಿದ್ದಾರೆ. ನನಗೊಂದು ಮಾತು ಹೇಳದೆ ಹೋದ, ಕಳ್ಳ" ಎಂದು ಹೆಂಡತಿಯ ಮುಂದೆ ಗೊಣಗಿದ.

ಹೆಂಡತಿ ಹೇಳಿದಳು: "ಅವರ ಅಂಗಡಿ ಅವರ ಹೆಗಲ ಮೇಲಿದೆ, ಎಲ್ಲಿ ಇಳಿಸಿದರೂ ನಡೆಯುತ್ತದೆ. ನಮ್ಮದು ನೆಲದಲ್ಲಿದೆಯಲ್ಲ. ಹೋಗಲೇಬೇಕೆಂದರೆ ಹೋಗೋಣ. ಮೊದಲು ಅಲ್ಲೊಂದು ಹೊಸ ಬಾನಿ ಹೂತು ಬನ್ನಿ. ಅದರ ನೀಲಿ ಹದಕ್ಕೆ ಬಂದ ಮೇಲೆ ಹೊರಡೋಣ."

"ಅಷ್ಟರಲ್ಲಿ ಅವನು ಅಲ್ಲಿ ಮಾಳಿಗೆ ಕಟ್ಟಿರುತ್ತಾನೆ" ಎಂದ ಬಣ್ಣಗಾರ.

ಮನೆಯನ್ನು ಕೇಳಿದವರಿಗೆ ಕೇಳಿದ ಬೆಲೆಗೆ ಕೊಟ್ಟ. ಬಾನಿಯನ್ನು ಅಗೆಸಿ, ಬಾಯಿ ಕಟ್ಟಿ, ಗಾಡಿಗೆ ಏರಿಸಿದ. ದಾರಿಯುದ್ದಕ್ಕೂ ಗಾಡಿ ಕುಲುಕಿತು, ಬಾನಿ ತುಳುಕಿತು. ಹೊಳೆಯಾಚೆಯ ಊರಿನಲ್ಲಿ ಬೇರೆ ಮನೆಗಳೂ ಇದ್ದವು. ಇವನು ಹುಡುಕಿ ಹುಡುಕಿ ಬಳೆಗಾರನ ಪಕ್ಕದಲ್ಲೇ ಮನೆ ಹಿಡಿದ. ಬಾನಿಯನ್ನು ಹೂತು, ಮೊದಲ ಬಟ್ಟೆ ಅದ್ದಿ ಎತ್ತಿದ. ಗಾಳಿ ತಾಗಿದೊಡನೆ ನೀಲಿಯಾಗಬೇಕಿದ್ದ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತು. ಮತ್ತೆ ಅದ್ದಿದ. ಮತ್ತೆ ಅದೇ ಬೂದಿ. ತಂದೆ ಹಾಕಿದ ನೀಲಿ ಸತ್ತಿತ್ತು. ಹೆಂಡತಿ ಬಾನಿಯ ಮುಂದೆ ಕುಳಿತು ಅತ್ತಳು.

ಅಳು ಕೇಳಿ ಬಳೆಗಾರ ಗೋಡೆಯಾಚೆಯಿಂದ ಇಣುಕಿದ. ಇವನನ್ನು ಕಂಡು ಅವನ ಮುಖ ಕಪ್ಪಿಟ್ಟಿತು.

"ಇಲ್ಲಿಗೂ ಬಂದೆಯಾ, ಮಾರಾಯ?" ಎಂದ.

"ಬಂದೆ. ಯಾವ ಸುದ್ದಿ ಸಿಕ್ಕಿ ನೀನು ಊರು ಬಿಟ್ಟೆ? ಈಗಲಾದರೂ ಹೇಳು" ಎಂದ ಬಣ್ಣಗಾರ.

"ನನಗೆ ಯಾವ ಸುದ್ದಿ? ಕಾಲ ಕೆಟ್ಟು ನನ್ನ ಬಳೆ ಕೇಳುವವರಿರಲಿಲ್ಲ. ನಿನ್ನ ಅಂಗಳದಲ್ಲಿ ಮಾತ್ರ ದಿನಾ ನೀಲಿ ಸೀರೆ ಸಾಲುಸಾಲಾಗಿ ಒಣಗುತ್ತಿದ್ದವು. ಅದನ್ನು ನೋಡಿಕೊಂಡು ಇರಲಾರದೆ ಬಂದೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಂದೆ ಹೋಗುವ ಹಾಗೆ ಕಾಣಲಿಲ್ಲ.

"ಬುದ್ಧಿ, ಕೊನೆಗೆ ಆ ಊರಿಗೆ ದಂಡು ಬಂತೋ ಇಲ್ಲವೋ, ಅದನ್ನೇ ಹೇಳಲಿಲ್ಲ. ಬಂದಿದ್ದರೆ ಅವರು ಹೋದದ್ದೇ ಸರಿಯಲ್ಲವೇ? ನಮ್ಮ ಬಸವಂತನಂತೂ ನಾಳಿದ್ದು ಗಾಡಿ ಹೂಡುತ್ತಾನೆ" ಎಂದ ಮುರಿಗೆಪ್ಪ.

"ನಿನ್ನ ಮನೆ ಬಿಡುವ ಮಾತು ಆಮೇಲೆ, ಮುರಿಗೆಪ್ಪ, ಮೊದಲು ಬಸವಂತನ ಮನೆಯಿಂದ ಈಚೆಗೆ ಬಾ" ಎಂದರು ಗುರುಗಳು.